ಶೋ ರಿಂಗ್‌ಗೆ ಹೋದರೆ ನಮ್ಮ ಲ್ಯಾಬ್ ಹೆದರಿ ಕೂತುಬಿಡುತ್ತದೆ. ಏನು ಮಾಡಬಹುದು?

ಪಾಲಿಬೆಟ್ಟದ ಜೂಲಿ ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಪಾಲಿಬೆಟ್ಟ ಹತ್ತಿರ ಕಾಫಿ ತೋಟ. ಜೂಲಿ ಹದಿನಾಲ್ಕು ತಿಂಗಳ ಹೆಣ್ಣು ಲ್ಯಾಬ್ರಡಾರ್. ಮನೆಯಲ್ಲಿ ಬಹಳ ಧೈರ್ಯ. ರಾತ್ರಿ ತೋಟಕ್ಕೆ ಆನೆ ಬಂದು ಹಲಸಿನ ಮರ ಅಲ್ಲಾಡಿಸಿದರೂ ವರಾಂಡದಲ್ಲಿ ನಿಂತು ಬೊಗಳುತ್ತಾಳೆ. ಲೈನ್ ಮನೆಯ (ತೋಟದ ಕೆಲಸದವರ ಮನೆಗಳ) ಮಕ್ಕಳೆಲ್ಲ ಬೆನ್ನ ಮೇಲೆ ಬಿದ್ದರೂ ಸುಮ್ಮನಿರುತ್ತಾಳೆ.

ಹೋದ ತಿಂಗಳು ಮೊದಲ ಸಲ ಡಾಗ್ ಶೋಗೆ ಕರೆದುಕೊಂಡು ಹೋಗಿದ್ದೆವು. ಗೇಟಿನಲ್ಲೇ ಬಾಲ ಒಳಗೆ ಹೋಯಿತು. ಮೈಕ್ ಶಬ್ದ, ಶಾಮಿಯಾನ, ಸುತ್ತ ಬೊಗಳುವ ನಾಯಿಗಳು. ರಿಂಗಿನಲ್ಲಿ, ಅಂದರೆ ಜಡ್ಜ್ ಮುಂದೆ ನಾಯಿ ತೋರಿಸುವ ಜಾಗದಲ್ಲಿ, ಓಡಿಸಲು ಹೋದರೆ ನೆಲಕ್ಕೆ ಅಂಟಿ ಕೂತಳು. ಜಡ್ಜ್ ಹಲ್ಲು ನೋಡಲು ಬಗ್ಗಿದಾಗ ಮುಖ ತಿರುಗಿಸಿ ಹಿಂದಕ್ಕೆ ಎಳೆದಳು. ಕಚ್ಚಲು ಹೋಗಲಿಲ್ಲ, ಗುರ್ ಅನ್ನಲೂ ಇಲ್ಲ. ಸುಮ್ನೆ ನಡುಗುತ್ತಿದ್ದಳು.

ಮಳೆ ನಿಂತ ಮೇಲೆ ಗೋಣಿಕೊಪ್ಪದಲ್ಲಿ ಇನ್ನೊಂದು ಶೋ ಇದೆ ಅಂತ ಕೇಳಿದೆ. ಒಂದೂವರೆ ತಿಂಗಳು ಸಮಯ ಇದೆ. ಒಬ್ಬರು ಮಂಪರಿನ ಮಾತ್ರೆ ಅರ್ಧ ಕೊಟ್ಟು ಕರೆದುಕೊಂಡು ಹೋಗಿ ಅಂದರು, ನನಗೆ ಮನಸ್ಸಿಲ್ಲ. ಅನುಭವ ಇರುವವರು ದಯವಿಟ್ಟು ತಿಳಿಸಿ.

ನಾಪೋಕ್ಲು ನಾಣಿ:
ತೋಟದ ನಾಯಿಗೆ ಆನೆ ಹಳೇದು, ಮೈಕ್ ಹೊಸದು. ಅಷ್ಟೇ ವಿಷಯ.

ಕುಶಾಲನಗರ ಬೀಗಲ್:
ನಾಣಿ ಅವರು ಒಂದೇ ಸಾಲಿನಲ್ಲಿ ಸರಿಯಾಗಿ ಹೇಳಿದ್ದಾರೆ. ಜೂಲಿ ಪುಕ್ಕಲು ನಾಯಿ ಅಲ್ಲ. ಅವಳಿಗೆ ಗೊತ್ತಿರುವ ಜಗತ್ತಿನಲ್ಲಿ ಧೈರ್ಯ ಇದೆ, ಗೊತ್ತಿಲ್ಲದ ಕಡೆ ಇಲ್ಲ.

ಮೊದಲು ಹೆದರಿಕೆಯನ್ನು ಬಿಡಿಸಿ ನೋಡಿ ಅಕ್ಕಾ. ಮೈಕಿಗೆ ಹೆದರಿದ್ದಾ? ಬೇರೆ ನಾಯಿಗಳಿಗಾ? ಅಪರಿಚಿತರು ಮೇಲೆ ಬಗ್ಗಿದ್ದಕ್ಕಾ? ಶೋನಲ್ಲಿ ಇದೆಲ್ಲ ಒಂದೇ ಸಲ ಮೈಮೇಲೆ ಬೀಳುತ್ತದೆ. ಅಭ್ಯಾಸ ಮಾಡಿಸುವಾಗ ಒಂದು ಸಲಕ್ಕೆ ಒಂದೇ ಕೊಡಬೇಕು.

ನಾನು ನನ್ನ ಬೀಗಲ್‌ಗೆ ಸಂತೆ ದಿನ ಅಭ್ಯಾಸ ಮಾಡಿಸಿದ್ದು. ಸಂತೆಯೊಳಗೆ ಅಲ್ಲ, ರಸ್ತೆಯ ಆಚೆ ಬದಿಯಲ್ಲಿ, ಅವನು ನೋಡಿಯೂ ಆರಾಮಾಗಿ ಇರುವಷ್ಟು ದೂರದಲ್ಲಿ. ಕೈಯಲ್ಲಿ ಬೇಯಿಸಿದ ಕೋಳಿ ಲಿವರ್, ಉಗುರಿನಷ್ಟು ಚಿಕ್ಕ ತುಂಡುಗಳು. ಲಾರಿ ಹಾರ್ನ್ ಹೊಡೆಯಿತು, ಒಂದು ತುಂಡು. ಯಾರೋ ಮೂಟೆ ಎಸೆದರು, ಇನ್ನೊಂದು ತುಂಡು. ಶಬ್ದ ಮೊದಲು, ತಿಂಡಿ ಆಮೇಲೆ. ಈ ಕ್ರಮ ತಪ್ಪಬಾರದು. ತಿಂಡಿ ಮೊದಲು ಬಂದರೆ ತಿಂಡಿ ಚೀಲ ಕಂಡಾಗಲೇ ಏನೋ ಬರುತ್ತದೆ ಅಂತ ನಾಯಿ ಹೆದರಲು ಶುರು ಮಾಡುತ್ತದೆ.

ಬಾಯಿ ನೋಡುತ್ತಿರಿ. ಆರಾಮಾಗಿದ್ದಾಗ ತುಟಿಯಿಂದ ಮೆಲ್ಲಗೆ ತೆಗೆದುಕೊಳ್ಳುತ್ತದೆ. ಆತಂಕ ಏರಿದಾಗ ಬೆರಳಿಗೆ ಹಲ್ಲು ತಾಗುವ ಹಾಗೆ ಕಿತ್ತುಕೊಳ್ಳುತ್ತದೆ. ಇನ್ನೂ ಏರಿದರೆ ಲಿವರ್ ಮೂಗಿಗೆ ಹಿಡಿದರೂ ತಿನ್ನುವುದಿಲ್ಲ. ತಿನ್ನದಿದ್ದರೆ ತುಂಬಾ ಹತ್ತಿರ ಬಂದಿದ್ದೀರಿ ಅಂತಲೇ ಅರ್ಥ. ಅಲ್ಲಿ ನಿಂತು ರಮಿಸಬೇಡಿ, ಹಿಂದಕ್ಕೆ ಬನ್ನಿ.

ಸಿದ್ದಾಪುರ ರೈಡರ್:
ಇಷ್ಟೆಲ್ಲ ಬೇಡ. ನಾಯಿ ನಿಮ್ಮನ್ನು ಲೀಡರ್ ಅಂತ ಒಪ್ಪಿಲ್ಲ, ಅದಕ್ಕೇ ಕೂತುಬಿಡುತ್ತದೆ. ಚೋಕ್ ಚೈನ್ (ಎಳೆದರೆ ಕುತ್ತಿಗೆಗೆ ಬಿಗಿಯುವ ಸರಪಳಿ) ಹಾಕಿ ಎರಡು ಸಲ ಜಗ್ಗಿ. ತಾನಾಗಿ ಎದ್ದು ನಡೆಯುತ್ತದೆ. ಲಿವರ್ ಕೊಟ್ಟು ಕೊಟ್ಟು ಹಾಳು ಮಾಡುತ್ತೀರಿ.

ಮಾಜಿ ಹವಾಲ್ದಾರ್, ಮೂರ್ನಾಡು:
ರೈಡರ್ ತಮ್ಮಾ, ನಾನು ಸೇನೆಯಲ್ಲಿ ನಾಯಿಗಳ ಜೊತೆಗೇ ಕೆಲಸ ಮಾಡಿದವನು. ಮೀರತ್‌ನ ಆರ್‌ವಿಸಿ (ಸೇನೆಯ ಪಶುವೈದ್ಯ ವಿಭಾಗ) ಕೇಂದ್ರದಲ್ಲಿ ತರಬೇತಿ ಪಡೆದವನು. ನಾಯಿಯನ್ನು ಗುಂಡಿನ ಶಬ್ದಕ್ಕೆ ಹೊಂದಿಸುವುದು ಹೇಗೆ ಗೊತ್ತಾ? ಮೊದಲು ಬಹಳ ದೂರದಲ್ಲಿ ಫೈರಿಂಗ್. ನಾಯಿ ಆಟದಲ್ಲಿ ಅಥವಾ ಊಟದಲ್ಲಿ ಇರಬೇಕು. ಕಿವಿ ತಿರುಗಿಸಿ ಮತ್ತೆ ಆಟಕ್ಕೆ ಮರಳಿದರೆ ಸ್ವಲ್ಪ ಹತ್ತಿರ. ಮರಳದಿದ್ದರೆ ಮತ್ತೆ ದೂರ. ಕಿವಿ ಪಕ್ಕ ಗುಂಡು ಹಾರಿಸಿ ಕುತ್ತಿಗೆ ಜಗ್ಗಿದರೆ ಆ ನಾಯಿ ಕೆಲಸಕ್ಕೆ ಬರುವುದಿಲ್ಲ.

ಜಡ್ಜ್ ಹತ್ತಿರ ಬರುವಾಗ ಕುತ್ತಿಗೆಗೆ ನೋವಾದರೆ ಜೂಲಿ ಕಲಿಯುವುದು ಇಷ್ಟೇ: ಟೋಪಿ ಹಾಕಿದವರು ಬಂದರೆ ನೋವಾಗುತ್ತದೆ. ಇವತ್ತು ನಡುಗುವ ನಾಯಿ ನಾಳೆ ಕಚ್ಚುತ್ತದೆ.

ಸಿದ್ದಾಪುರ ರೈಡರ್:
ಸರ್, ಗೌರವ ಇದೆ. ಆದರೆ ತೋಳಗಳ ಗುಂಪಿನಲ್ಲಿ ಲೀಡರ್ ಇರುತ್ತದೆ ಅಲ್ವಾ? ನಾಯಿಯೂ ಅದೇ ಜಾತಿ.

ಪುಸ್ತಕದ ಹುಳು ಮಡಿಕೇರಿ:
ಆ ವಾದ ಹಳೇದಾಯಿತು. ಬೇರೆ ಬೇರೆ ಕಡೆಯ ತೋಳಗಳನ್ನು ಒಂದೇ ಬೇಲಿಯೊಳಗೆ ಕೂಡಿಟ್ಟು ನೋಡಿದಾಗ ಬಂದ ಕಲ್ಪನೆ ಅದು. ಅದನ್ನು ಹೆಚ್ಚು ಜನಕ್ಕೆ ತಲುಪಿಸಿದವರಲ್ಲಿ ತೋಳಗಳ ಸಂಶೋಧಕ ಡೇವಿಡ್ ಮೆಕ್ ಒಬ್ಬರು. ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ ಅವರೇ 1999ರಲ್ಲಿ ಬರೆದರು, ಸಾಮಾನ್ಯವಾಗಿ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮರಿಗಳ ಸಂಸಾರ ಅಂತ. ಅಲ್ಲಿ ಕಾದಾಡಿ ಪಟ್ಟ ಗೆಲ್ಲುವ ಮಾತೇ ಇಲ್ಲ. ಇನ್ನು ಜೂಲಿ ನಡುಗುತ್ತಿದ್ದಾಳೆ. ನಡುಗುವವಳು ಯಾರ ಪಟ್ಟಕ್ಕೆ ಸವಾಲು ಹಾಕುತ್ತಾಳೆ?

ಸಿದ್ದಾಪುರ ರೈಡರ್:
ಸರಿ, ಅದು ಗೊತ್ತಿರಲಿಲ್ಲ. ಆದರೂ ಶಿಸ್ತು ಬೇಕು ಅನ್ನುವುದು ನನ್ನ ಮಾತು.

ಮಾಜಿ ಹವಾಲ್ದಾರ್, ಮೂರ್ನಾಡು:
ಶಿಸ್ತು ಬೇಕೇ ಬೇಕು. ಹೆದರಿಕೆ ಇಳಿದ ಮೇಲೆ.

ತಿತಿಮತಿ ತಂಗಿ:
ಆ ಮಾತ್ರೆ ವಿಷಯ ಯಾರಾದರೂ ಹೇಳಿ. ನಮ್ಮ ಪಕ್ಕದ ಮನೆಯವರೂ ಪಟಾಕಿ ಸಮಯದಲ್ಲಿ ಕೊಡುತ್ತಾರೆ. ನಾಯಿ ಆರಾಮಾಗಿ ಮಲಗುತ್ತದೆ ಅನ್ನುತ್ತಾರೆ.

ದನದ ಡಾಕ್ಟ್ರು ಸೋಮವಾರಪೇಟೆ:
ಪಶುವೈದ್ಯೆಯಾಗಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಹಿಂದಿನಿಂದ ಬಳಕೆಯಲ್ಲಿರುವ ಮಂಪರಿನ ಮದ್ದು ಅಸೆಪ್ರೊಮಜಿನ್. ಅದು ಮೈಯನ್ನು ಸಡಿಲ ಮಾಡುತ್ತದೆ, ಹೆದರಿಕೆಯನ್ನು ಇಳಿಸುವುದಿಲ್ಲ. ನಾಯಿಗೆ ಶಬ್ದ ಕೇಳುತ್ತಲೇ ಇರುತ್ತದೆ, ಓಡಿಹೋಗಲು ಮಾತ್ರ ಆಗುವುದಿಲ್ಲ. ಕೆಲವು ನಾಯಿಗಳು ಶಬ್ದಕ್ಕೆ ಇನ್ನೂ ಜಾಸ್ತಿ ಬೆಚ್ಚುತ್ತವೆ. ನೋಡುವವರಿಗೆ ಆರಾಮಾಗಿ ಮಲಗಿದ ಹಾಗೆ ಕಾಣುತ್ತದೆ, ಅಷ್ಟೇ. ಜೊತೆಗೆ ರಕ್ತದೊತ್ತಡ ಇಳಿಯುತ್ತದೆ, ಮೈಬಿಸಿ ಹಿಡಿತದಲ್ಲಿ ಇರುವುದಿಲ್ಲ. ಬಿಸಿಲಿನ ಮೈದಾನಕ್ಕೆ ಆ ಸ್ಥಿತಿಯಲ್ಲಿ ಕರೆದೊಯ್ಯುವುದು ಅಪಾಯ. ಮದ್ದು ಕೊಟ್ಟು ನಾಯಿಯನ್ನು ರಿಂಗಿಗೆ ಇಳಿಸುವುದು ಸ್ಪರ್ಧೆಯ ದೃಷ್ಟಿಯಿಂದಲೂ ತಪ್ಪು. ನಿಜವಾಗಿ ಹೆದರಿಕೆ ಇಳಿಸುವ ಮದ್ದುಗಳು ಬೇರೆ ಇವೆ. ಅವು ಪಟಾಕಿ, ಗುಡುಗಿಗೆ ಬಹಳ ಕಷ್ಟಪಡುವ ನಾಯಿಗಳಿಗೆ, ವೈದ್ಯರು ಪರೀಕ್ಷೆ ಮಾಡಿ ಕೊಡುವಂಥವು. ಮನುಷ್ಯರ ಮಾತ್ರೆಯನ್ನಂತೂ ಅಂದಾಜಿನಲ್ಲಿ ಮುರಿದು ಕೊಡಲೇಬೇಡಿ.

ಇನ್ನೊಂದು ವಿಷಯ ಯಾರೂ ಕೇಳಿಲ್ಲ. ಜೂಲಿಯ ಕಿವಿ ನೋಡಿದ್ದೀರಾ? ನಮ್ಮ ಮಳೆಗಾಲದಲ್ಲಿ ಲ್ಯಾಬ್‌ಗಳ ಜೋತುಬಿದ್ದ ಕಿವಿ ಒಣಗುವುದೇ ಇಲ್ಲ. ಒಳಗೆ ಯೀಸ್ಟ್ ಬೆಳೆದು ಕೆಂಪಾಗಿ, ಹುಳಿ ವಾಸನೆ ಬರುತ್ತದೆ. ಅಂಥ ನಾಯಿ ಮನೆಯವರ ಕೈ ಸಹಿಸುತ್ತದೆ, ಹೊಸಬರು ತಲೆ ಹಿಡಿದರೆ ಮುಖ ತಿರುಗಿಸುತ್ತದೆ. ಹಲ್ಲು, ವಸಡು, ಸೊಂಟ ಕೂಡ ಒಮ್ಮೆ ತೋರಿಸಿ. ನೋವಿದ್ದರೆ ಯಾವ ತರಬೇತಿಯೂ ಹತ್ತುವುದಿಲ್ಲ.

ವಯಸ್ಸೂ ಒಂದು ಕಾರಣ. ಮರಿಗೆ 3ರಿಂದ 14 ವಾರದ ಒಳಗೆ ಕಂಡಿದ್ದು, ಕೇಳಿದ್ದು, ಮೆಟ್ಟಿದ್ದು ಎಲ್ಲ ಸಹಜ ಅನ್ನಿಸುತ್ತದೆ. ಆಗ ಪಾರ್ವೋ ಅನ್ನುವ ವೈರಸ್ ರೋಗದ ಭಯಕ್ಕೆ ನಾವು ಮರಿಯನ್ನು ಮನೆಯೊಳಗೇ ಇಡುತ್ತೇವೆ. ಲಸಿಕೆ ಪೂರ್ತಿ ಆಗುವ ತನಕ ನೆಲಕ್ಕೆ ಬಿಡಬೇಡಿ, ಸರಿ. ಆದರೆ ಎತ್ತಿಕೊಂಡು ಬಸ್‌ಸ್ಟ್ಯಾಂಡ್ ತೋರಿಸಬಹುದು, ಜೀಪಿನಲ್ಲಿ ಕೂರಿಸಿ ಪೇಟೆ ಸುತ್ತಿಸಬಹುದು. ಮತ್ತೆ ಆರು ತಿಂಗಳಿನಿಂದ ಒಂದೂವರೆ ವರ್ಷದ ನಡುವೆ ಎಷ್ಟೋ ನಾಯಿಗಳಿಗೆ ಹೆದರಿಕೆ ಇನ್ನೊಮ್ಮೆ ಎದ್ದು ಬರುತ್ತದೆ. ಜೂಲಿ ಈಗ ಆ ಹರೆಯದಲ್ಲೇ ಇದ್ದಾಳೆ. ಈಗ ಒತ್ತಾಯ ಮಾಡಿದರೆ ಬಹಳ ಕಾಲ ಉಳಿಯುತ್ತದೆ.

ಪಾಲಿಬೆಟ್ಟದ ಜೂಲಿ ಮನೆ:
ಡಾಕ್ಟ್ರೇ, ತುಂಬಾ ಥ್ಯಾಂಕ್ಸ್. ತಲೆ ಕೊಡವುತ್ತಾ ಇರುತ್ತಾಳೆ. ಜಿಗಣೆ ಹತ್ತಿರಬೇಕು ಅಂದುಕೊಂಡಿದ್ದೆವು. ನಾಳೆಯೇ ತೋರಿಸುತ್ತೇನೆ.

ಕಕ್ಕಬ್ಬೆ ಕಾಫಿ:
ಹೆದರಿದಾಗ ಮುದ್ದು ಮಾಡಿದರೆ ಹೆದರಿಕೆ ಜಾಸ್ತಿ ಆಗುತ್ತದೆ ಅಂತಾರಲ್ಲ, ನಿಜವಾ? ಪುತ್ತರಿಗೆ, ನಮ್ಮ ಸುಗ್ಗಿ ಹಬ್ಬಕ್ಕೆ, ಕದಿರು ಕುಯ್ಯುವ ಮೊದಲು ಗುಂಡು ಹಾರಿಸುತ್ತಾರಲ್ಲ, ನಮ್ಮ ಟೈಗರ್ ಆಗ ಮಂಚದ ಕೆಳಗೆ ಹೋದರೆ ಬೆಳಿಗ್ಗೆ ತನಕ ಬರುವುದಿಲ್ಲ. ಅಜ್ಜಿ ಹತ್ತಿರ ಕೂತು ತಡವಬೇಕು ಅನ್ನುತ್ತಾರೆ, ಅಪ್ಪ ಬೇಡ ಅನ್ನುತ್ತಾರೆ. ಪ್ರತಿ ವರ್ಷ ಇದೇ ಜಗಳ.

ದನದ ಡಾಕ್ಟ್ರು ಸೋಮವಾರಪೇಟೆ:
ಅಜ್ಜಿ ಹೇಳಿದ್ದೇ ಸರಿ. ಹೆದರಿಕೆ ನಾಯಿ ಬೇಕಂತ ಮಾಡುವ ಕೆಲಸ ಅಲ್ಲ. ತಡವಿದರೆ ಬೆಳೆಯುವುದಿಲ್ಲ. ಅದಾಗಿ ಹತ್ತಿರ ಬಂದರೆ ನಿಧಾನವಾಗಿ ತಡವಿ. ಅಡಗಿರಲು ಇಷ್ಟಪಟ್ಟರೆ ಅಡಗಲು ಬಿಡಿ, ಹೊರಗೆ ಎಳೆಯಬೇಡಿ. ಕಿಟಕಿ ಮುಚ್ಚಿ, ರೇಡಿಯೋ ಹಾಕಿ. ಕತ್ತಲಾಗುವ ಮೊದಲೇ ಊಟ, ಹೊರಗಿನ ಓಡಾಟ ಮುಗಿಸಿಬಿಡಿ.

ಕಕ್ಕಬ್ಬೆ ಕಾಫಿ:
ಅಪ್ಪನಿಗೆ ಇದನ್ನು ಓದಿ ಹೇಳಿದೆ. ಅಜ್ಜಿಗೂ ಹೇಳಿದೆ. ಈ ವರ್ಷ ಟೈಗರ್‌ನನ್ನು ಒಳಕೋಣೆಯಲ್ಲೇ ಮಲಗಿಸುತ್ತೇವೆ.

ಮುಧೋಳ ಪ್ರೇಮಿ ವಿರಾಜಪೇಟೆ:
ತಳಿಯ ಗುಣವನ್ನೂ ನೋಡಬೇಕು. ನನ್ನ ಹತ್ತಿರ ಎರಡು ಮುಧೋಳ ಇವೆ. ಕಣ್ಣಿನಲ್ಲಿ ನೋಡಿ ಬೆನ್ನಟ್ಟುವ ತಳಿ ಅದು, ಹೊಸಬರು ಮುಟ್ಟುವುದು ಅದಕ್ಕೆ ಸೇರುವುದಿಲ್ಲ. ಲ್ಯಾಬ್ ತರಹ ಬಾಲ ಅಲ್ಲಾಡಿಸಿಕೊಂಡು ಜಡ್ಜ್ ಹತ್ತಿರ ಹೋಗಬೇಕು ಅಂತ ನಾನು ಆಸೆಯೇ ಪಡುವುದಿಲ್ಲ. ಗಟ್ಟಿಯಾಗಿ ನಿಂತು ಮುಟ್ಟಿಸಿಕೊಂಡರೆ ಸಾಕು. ತಿಳಿದ ಜಡ್ಜ್‌ಗಳು ಮುಂದಿನಿಂದ ಬಗ್ಗುವುದಿಲ್ಲ, ಪಕ್ಕದಿಂದ ಬಂದು ಮೊದಲು ಎದೆ, ಭುಜ ಮುಟ್ಟುತ್ತಾರೆ.

2005ರಲ್ಲಿ ಅಂಚೆ ಇಲಾಖೆ ದೇಶದ ನಾಲ್ಕು ತಳಿಗಳ ಅಂಚೆಚೀಟಿ ತಂದಿತ್ತು. ಮುಧೋಳ, ರಾಜಪಾಳಯಂ, ರಾಂಪುರ, ಹಿಮಾಲಯದ ಕುರಿನಾಯಿ. ನಮ್ಮ ರಾಜ್ಯದ ನಾಯಿ ಅದು. ಆದರೂ ಇಲ್ಲಿನ ಶೋಗಳಲ್ಲಿ ಮುಧೋಳ ಬೆರಳೆಣಿಕೆಯಷ್ಟು. ತಿಮ್ಮಾಪುರದ ಸಂಶೋಧನಾ ಕೇಂದ್ರದಿಂದ ಮರಿ ತರಬಹುದು, ಯೋಚನೆ ಮಾಡಿ.

ಸುಂಟಿಕೊಪ್ಪ ಸುಮ್ನಿರಿ:
ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಬೇಡಿ. ನಾಯಿ ಇಷ್ಟು ಹೆದರುತ್ತದೆ ಅಂದರೆ ಶೋ ಯಾಕೆ ಬೇಕು? ಕಪ್ ಬೇಕಾಗಿರುವುದು ನಮಗೆ, ಅದಕ್ಕಲ್ಲ. ತೋಟದಲ್ಲಿ ಸುಖವಾಗಿದೆ, ಇರಲಿ ಬಿಡಿ.

ಮುಧೋಳ ಪ್ರೇಮಿ ವಿರಾಜಪೇಟೆ:
ಎಲ್ಲರೂ ಹೀಗೆ ಅಂದರೆ ಮುಧೋಳ ತಳಿ ಉಳಿಯುವುದು ಹೇಗೆ? ಒಳ್ಳೆ ನಾಯಿ ಯಾವುದು ಅಂತ ಪಕ್ಕಪಕ್ಕ ನಿಲ್ಲಿಸಿ ನೋಡಿದಾಗ ತಾನೇ ಗೊತ್ತಾಗುವುದು?

ಸುಂಟಿಕೊಪ್ಪ ಸುಮ್ನಿರಿ:
ತಳಿ ಬೆಳೆಸುವವರಿಗೆ ಸರಿ. ಮನೆ ನಾಯಿಗೆ ಏನು?

ಕುಶಾಲನಗರ ಬೀಗಲ್:
ಶೋ ಬಿಡಿ, ನಾಳೆ ಆಸ್ಪತ್ರೆಗೆ ಹೋಗಬೇಕು, ಮನೆಯಲ್ಲಿ ಮದುವೆ ಆಗಬಹುದು, ಊರು ಬಿಟ್ಟು ಬೆಂಗಳೂರಿಗೆ ಹೋಗಬೇಕಾಗಬಹುದು. ಹೊಸ ಜಾಗದಲ್ಲಿ ಆರಾಮಾಗಿರುವುದನ್ನು ಕಲಿತ ನಾಯಿಗೆ ಎಲ್ಲ ಕಡೆಯೂ ಬದುಕು ಸುಲಭ. ಹಾಗಂತ ಕಲಿಸಿಯೂ ಇಷ್ಟಪಡದ ನಾಯಿಗಳು ಇರುತ್ತವೆ. ಅವನ್ನು ಎಳೆದುಕೊಂಡು ಹೋಗಬಾರದು. ಈ ವಿಷಯದಲ್ಲಿ ನಾನು ನಿಮ್ಮ ಜೊತೆ.

ಪಾಲಿಬೆಟ್ಟದ ಜೂಲಿ ಮನೆ:
ಸುಂಟಿಕೊಪ್ಪದವರು ಕೇಳಿದ್ದು ನ್ಯಾಯವಾಗಿದೆ. ನನಗೆ ಕಪ್ ಆಸೆ ಇಲ್ಲ ಅಂತ ಹೇಳುವುದಿಲ್ಲ, ಇದೆ. ಆದರೆ ಅವಳು ನಡುಗುವುದನ್ನು ನೋಡಿಕೊಂಡು ಕಪ್ ತರುವ ಆಸೆ ಇಲ್ಲ.

ಭಾಗಮಂಡಲ ತಿರುವು:
ಕಾರಿನ ವಿಷಯ ಮರೆಯಬೇಡಿ. ನಮ್ಮ ಕಡೆಯಿಂದ ಮಡಿಕೇರಿಗೆ ಬರುವಷ್ಟರಲ್ಲಿ ತಿರುವುಗಳಲ್ಲಿ ನಾಯಿ ಜೊಲ್ಲು ಸುರಿಸಿ ವಾಂತಿ ಮಾಡಿ ಸುಸ್ತಾಗುತ್ತದೆ. ಆಮೇಲೆ ಅದನ್ನು ರಿಂಗಿಗೆ ಎಳೆದರೆ ಹೇಗೆ ನಿಲ್ಲುತ್ತದೆ?

ತಿತಿಮತಿ ತಂಗಿ:
ನಮ್ಮದು ಪಿಕಪ್ಪಿನ ಹಿಂದೆ ನಿಂತು ಬರುತ್ತದೆ. ಒಂದು ದಿನವೂ ವಾಂತಿ ಇಲ್ಲ.

ಭಾಗಮಂಡಲ ತಿರುವು:
ಹಿಂದೆ ಕಟ್ಟದೆ ನಿಲ್ಲಿಸಬೇಡಿ ತಂಗೀ, ಬ್ರೇಕ್ ಹಾಕಿದರೆ ಹಾರಿಬೀಳುತ್ತದೆ. ನಾನು ಕಂಡ ಹಾಗೆ ಕ್ರೇಟ್ (ನಾಯಿಯನ್ನು ಒಯ್ಯುವ ಗೂಡು) ಒಳ್ಳೆಯದು. ಮೂರು ಬದಿ ಬಟ್ಟೆ ಮುಚ್ಚಿ, ಗಾಳಿಗೆ ಒಂದು ಬದಿ ಬಿಡಿ. ಹೊರಡುವ ಮೊದಲು ಹೊಟ್ಟೆ ತುಂಬಾ ಊಟ ಬೇಡ, ನೀರು ಕೊಡಿ. ಮೊದಲು ಗೇಟಿನ ತನಕ, ಆಮೇಲೆ ಪಕ್ಕದ ಊರಿನ ತನಕ ಕರೆದೊಯ್ದು ಅಲ್ಲಿ ಆಟ ಆಡಿಸಿ ವಾಪಸ್ ಬನ್ನಿ. ಕಾರು ಹತ್ತಿದರೆ ಇಂಜೆಕ್ಷನ್ ಅಂತ ಆಗಬಾರದು. ಇಷ್ಟಾದ ಮೇಲೂ ವಾಂತಿ ನಿಲ್ಲದಿದ್ದರೆ ವೈದ್ಯರು ತೂಕ ನೋಡಿ ವಾಂತಿಗೆ ಅಂತಲೇ ಮಾತ್ರೆ ಕೊಡುತ್ತಾರೆ. ಅದು ಮಂಪರಿನ ಮಾತ್ರೆ ಅಲ್ಲ.

ಮಾಜಿ ಹವಾಲ್ದಾರ್, ಮೂರ್ನಾಡು:
ಈಗ ಹಲ್ಲು ತೋರಿಸುವ ವಿಷಯ. ಮನೆಯಲ್ಲೇ ಹೀಗೆ ಮಾಡಮ್ಮಾ. ನಿನ್ನ ಎಡಗೈ ಅವಳ ಗಲ್ಲದ ಕೆಳಗೆ ಚಾಚು. ಹಿಡಿಯಬೇಡ. ಅವಳಾಗಿ ಗಲ್ಲ ಇಟ್ಟರೆ ಶಹಬ್ಬಾಸ್, ಒಂದು ತುಂಡು. ಅದು ಗಟ್ಟಿಯಾದ ಮೇಲೆ ಬಲಗೈ ಹೆಬ್ಬೆರಳಿನಿಂದ ಒಂದು ಬದಿಯ ತುಟಿ ಎತ್ತು, ಒಂದು ಕ್ಷಣ, ಬಿಡು. ಒಂದು ತುಂಡು. ಆಮೇಲೆ ಮುಂದಿನ ಹಲ್ಲು, ಆಮೇಲೆ ಇನ್ನೊಂದು ಬದಿ. ಗಲ್ಲ ತೆಗೆದರೆ ನೀನೂ ಕೈ ತೆಗೆ. ಬೇಡ ಅಂದರೆ ನಿಲ್ಲಿಸುತ್ತಾರೆ ಅಂತ ಗೊತ್ತಾದ ನಾಯಿ ಮತ್ತೆ ತಾನಾಗಿ ಗಲ್ಲ ಇಡುತ್ತದೆ. ಇದನ್ನು ನಾನು ಎಷ್ಟೋ ನಾಯಿಗಳಲ್ಲಿ ನೋಡಿದ್ದೇನೆ, ಮೊಂಡು ನಾಯಿಗಳಲ್ಲೂ.

ಇದನ್ನೇ ಬೇರೆಯವರ ಕೈಯಲ್ಲಿ ಮಾಡಿಸಬೇಕು. ಪಕ್ಕದ ಮನೆಯವರು, ತೋಟದ ಲೆಕ್ಕ ನೋಡುವ ರೈಟರ್, ಹಾಲಿನವರು. ಟೋಪಿ ಹಾಕಿದವರು, ಕಪ್ಪು ಕನ್ನಡಕದವರು, ರೇನ್‌ಕೋಟ್‌ನವರು, ಕೊಡೆ ಹಿಡಿದವರು. ಮನೆಯವರೇ ಆದರೂ ಟೋಪಿ ಹಾಕಿ ಬಗ್ಗಿದರೆ ನಾಯಿಗೆ ಬೇರೆಯವರ ಹಾಗೆ ಕಾಣುತ್ತಾರೆ.

ಬಾಳೆಲೆ ಬಾಯ್:
ಜಾಗಕ್ಕೆ ಹಾಕಿ ಮೈದಾನ ಒಳ್ಳೆಯದು. ಹುಡುಗರು ಆಡುವಾಗ ಗೋಲಿನ ಹಿಂದೆ ದೂರದಲ್ಲಿ ನಿಲ್ಲಿ. ಚೆಂಡು ಬೋರ್ಡಿಗೆ ಬಡಿಯುವ ಶಬ್ದ, ವಿಸಿಲ್, ಕೂಗಾಟ ಎಲ್ಲ ಸಿಗುತ್ತದೆ. ಕೊಡವ ಕುಟುಂಬಗಳ ಹಾಕಿ ಹಬ್ಬದ ಸಮಯ ಆದರೆ ಮೈಕ್ ಕಾಮೆಂಟರಿಯೂ ಫ್ರೀ.

ಅರೆಕಾಡು ಆಂಟಿ:
ಸಂಜೆ ಕತ್ತಲಾದ ಮೇಲೆ ಅಭ್ಯಾಸ ಬೇಡ. ನಮ್ಮ ಬದಿಯಲ್ಲಿ ಚಿರತೆ ಬಂದು ಅಂಗಳದಿಂದಲೇ ನಾಯಿ ಹೊತ್ತುಕೊಂಡು ಹೋಗಿದೆ.

ನಾಪೋಕ್ಲು ನಾಣಿ:
ಯಾವಾಗ? ನಮ್ಮಲ್ಲೂ ಹೆಜ್ಜೆ ಕಂಡಿತ್ತು. ಅರಣ್ಯ ಇಲಾಖೆಗೆ ಹೇಳಿದಿರಾ?

ಅರೆಕಾಡು ಆಂಟಿ:
ಹೇಳಿದ್ದೇವೆ, ಬೋನು ಇಟ್ಟಿದ್ದಾರೆ. ನಾಯಿಯನ್ನು ಈಗ ಒಳಗೇ ಮಲಗಿಸುತ್ತೇವೆ.

ನಿರ್ವಾಹಕರು:
ಚಿರತೆ ವಿಷಯ ಮುಖ್ಯವೇ, ಬೇರೆ ಚರ್ಚೆ ಶುರು ಮಾಡಿ. ಇಲ್ಲಿ ಶೋ ಬಗ್ಗೆ ಮುಂದುವರಿಸೋಣ.

ಗೋಣಿಕೊಪ್ಪ ಹ್ಯಾಂಡ್ಲರ್:
ನಾನು ಮೈಸೂರು, ಬೆಂಗಳೂರು ಶೋಗಳಲ್ಲಿ ಬೇರೆಯವರ ನಾಯಿಗಳನ್ನು ರಿಂಗಿನಲ್ಲಿ ಓಡಿಸುತ್ತೇನೆ. ಎಷ್ಟೋ ಸಲ ನಾಯಿಗಿಂತ ಹಗ್ಗ ಹಿಡಿದವರಿಗೇ ಜಾಸ್ತಿ ಗಾಬರಿ. ನಂಬರ್ ಕರೆದ ಕೂಡಲೇ ಲೀಶ್ ಬಿಗಿಯಾಗುತ್ತದೆ, ಉಸಿರು ಹಿಡಿಯುತ್ತಾರೆ, ಕೈ ಬೆವರುತ್ತದೆ. ಅದೆಲ್ಲ ನಾಯಿಗೆ ತಿಳಿಯುತ್ತದೆ. ರಿಂಗಿಗೆ ಹೋಗುವ ಮೊದಲು ಬಾಯಿ ತೆರೆದು ಉಸಿರು ಬಿಡಿ, ಅವಳ ಹತ್ತಿರ ಮಾಮೂಲಿ ಧ್ವನಿಯಲ್ಲಿ ಏನಾದರೂ ಮಾತಾಡಿ. ಲೀಶ್ ಸಡಿಲ ಇರಲಿ.

ಶೋ ದಿನ ಬೇಗ ಬಂದು ಜಾಗ ಹಿಡಿಯಿರಿ. ಸ್ಪೀಕರ್‌ನಿಂದ ದೂರ, ನೆರಳಲ್ಲಿ. ಮನೆಯಲ್ಲಿ ಅವಳು ಮಲಗುವ ಅದೇ ಚಾಪೆ ತನ್ನಿ, ಒಗೆಯದೆ. ಮೂಗಿಗೆ ಮನೆ ವಾಸನೆ ಬೇಕು. ನಮ್ಮದು ಒಳ್ಳೆ ನಾಯಿ, ಹಾಯ್ ಹೇಳಲಿ ಅಂತ ಯಾರಾದರೂ ನಾಯಿ ತಂದರೆ ಬೇಡ ಅಂತ ನೇರವಾಗಿ ಹೇಳಿ. ಮೂಗಿಗೆ ಮೂಗು ತಾಗಿಸಿ ಎಷ್ಟೋ ನಾಯಿಗಳು ಅಲ್ಲೇ ಹಾಳಾಗುತ್ತವೆ. ಬೆದೆಗೆ ಬಂದಿದ್ದರೆ ಕರೆತರಬೇಡಿ. ಅವಳಿಗೂ ಕಷ್ಟ, ಗಂಡು ನಾಯಿಗಳ ಗಲಾಟೆ ಬೇರೆ.

ದನದ ಡಾಕ್ಟ್ರು ಸೋಮವಾರಪೇಟೆ:
ಬಿಸಿಲಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಹೆದರಿದ ನಾಯಿಯೂ ಏದುಸಿರು ಬಿಡುತ್ತದೆ, ಬಿಸಿ ಹತ್ತಿದ ನಾಯಿಯೂ ಬಿಡುತ್ತದೆ. ಎರಡೂ ಸೇರಿದರೆ ಬೇಗ ಕೆಡುತ್ತದೆ. ನಾಯಿಯ ಸಾಮಾನ್ಯ ಮೈಬಿಸಿ 38ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೇ ಅಪಾಯ. ನಾಲಿಗೆ ಕಡುಕೆಂಪಾಗಿ ನಡಿಗೆ ತೂರಾಡಿದರೆ ನಂಬರ್ ಕರೆಯುವುದನ್ನು ಕಾಯಬೇಡಿ. ನೆರಳಿಗೆ ಒಯ್ದು ಮೈಗೆ ನೀರು ಹಾಕಿ, ಗಾಳಿ ಬೀಸಿ, ತಕ್ಷಣ ವೈದ್ಯರ ಹತ್ತಿರ ಹೋಗಿ. ಪಗ್, ಬುಲ್‌ಡಾಗ್ ಇರುವವರು ಇದನ್ನು ಇನ್ನೂ ಗಮನದಲ್ಲಿ ಇಡಿ.

ಪಾಲಿಬೆಟ್ಟದ ಜೂಲಿ ಮನೆ:
ಎಲ್ಲರಿಗೂ ಒಂದು ಸುದ್ದಿ. ಎಡಕಿವಿ ಒಳಗೆ ಕೆಂಪಾಗಿತ್ತು. ಡಾಕ್ಟರ್ ಸ್ವಚ್ಛ ಮಾಡಿ ಡ್ರಾಪ್ಸ್ ಕೊಟ್ಟಿದ್ದಾರೆ. ಹಲ್ಲು, ಸೊಂಟ ಚೆನ್ನಾಗಿದೆ ಅಂದರು. ತಲೆ ಕೊಡವುವುದು ಕಡಿಮೆ ಆಗಿದೆ. ಗಲ್ಲ ಇಡುವುದನ್ನು ಬೇಗ ಕಲಿತಳು, ಈಗ ಕೈ ಚಾಚಿದರೆ ಓಡಿಬಂದು ಇಡುತ್ತಾಳೆ. ಮೈಕಿನ ಹೆದರಿಕೆ ಮಾತ್ರ ಹಾಗೇ ಇದೆ. ಪೇಟೆಯಲ್ಲಿ ಯಾವುದೋ ಸಭೆಯ ಮೈಕ್ ಕೇಳಿ ಲಿವರ್ ಮುಟ್ಟಲಿಲ್ಲ, ಹಿಂದಕ್ಕೆ ಬಂದೆವು. ಅದಕ್ಕೆ ಈ ಸಲ ಹೆಸರು ಕೊಡುವುದಿಲ್ಲ. ಶೋ ದಿನ ಸುಮ್ನೆ ಕರೆದುಕೊಂಡು ಬಂದು ತೋರಿಸೋಣ ಅಂತ.

ಸುಂಟಿಕೊಪ್ಪ ಸುಮ್ನಿರಿ:
ಒಳ್ಳೆ ನಿರ್ಧಾರ ಅಕ್ಕಾ. ಖುಷಿಯಾಯಿತು.

ಗೋಣಿಕೊಪ್ಪ ಹ್ಯಾಂಡ್ಲರ್:
ಮೊದಲೇ ವಿಚಾರಿಸಿ. ಹೆಸರು ಕೊಡದ ನಾಯಿಗಳನ್ನು ಎಷ್ಟೋ ಶೋಗಳಲ್ಲಿ ಒಳಗೆ ಬಿಡುವುದಿಲ್ಲ. ಬಿಡದಿದ್ದರೆ ಇನ್ನೂ ಒಳ್ಳೆಯದು, ಕಾಂಪೌಂಡಿನ ಹೊರಗೆ ಮೈಕ್ ಸಣ್ಣಗೆ ಕೇಳುವ ಕಡೆ ನಿಲ್ಲಿ. ಅವಳಿಗೆ ಬೇಕಾಗಿರುವುದು ಆ ದೂರವೇ. ಸ್ವಲ್ಪ ಹೊತ್ತು ಸಾಕು, ಇನ್ನೂ ತಿನ್ನುತ್ತಾ ಇರುವಾಗಲೇ ಮನೆಗೆ ಹೊರಡಿ.

ಮಾಜಿ ಹವಾಲ್ದಾರ್, ಮೂರ್ನಾಡು:
ನಾನು ಭಾನುವಾರ ಗೋಣಿಕೊಪ್ಪಕ್ಕೆ ಬರುತ್ತಿರುತ್ತೇನೆ. ಜೂಲಿಯನ್ನು ಕರೆತಾಮ್ಮಾ, ನಾನೇ ಜಡ್ಜ್ ಆಗಿ ನಿಲ್ಲುತ್ತೇನೆ. ಟೋಪಿ ನನ್ನ ಹತ್ತಿರ ಇದೆ.

ಪಾಲಿಬೆಟ್ಟದ ಜೂಲಿ ಮನೆ:
ಖಂಡಿತ ಬರುತ್ತೇವೆ ಅಂಕಲ್. ಲಿವರ್ ಬೇಯಿಸಿ ತರುತ್ತೇನೆ.

ಸಿದ್ದಾಪುರ ರೈಡರ್:
ನಾನೂ ನನ್ನ ರಾಟ್‌ವೀಲರ್ ತರಬಹುದಾ ಸರ್? ಅವನೂ ಹೊಸಬರನ್ನು ಹತ್ತಿರ ಬಿಡುವುದಿಲ್ಲ.

ಮಾಜಿ ಹವಾಲ್ದಾರ್, ಮೂರ್ನಾಡು:
ತಾ ತಮ್ಮಾ. ಚೋಕ್ ಚೈನ್ ಬೇಡ, ಅಗಲ ಪಟ್ಟಿಯ ಕಾಲರ್ ಹಾಕು. ಮನೆಯಲ್ಲೇ ಬುಟ್ಟಿ ಬಾಯಿಪಟ್ಟಿ ಅಭ್ಯಾಸ ಮಾಡಿಸು, ಏದುಸಿರು ಬಿಡಲು, ನೀರು ಕುಡಿಯಲು ಜಾಗ ಇರುವಂಥದ್ದು. ಜೂಲಿ ಹೋದ ಮೇಲೆ ನಿನ್ನ ಸರದಿ, ಇಬ್ಬರನ್ನೂ ಒಟ್ಟಿಗೆ ಬೇಡ. ರೇಬೀಸ್ ಲಸಿಕೆಯ ಕಾರ್ಡ್ ಮರೆಯದೆ ತಾ.